ಬಾನೆಟ್ ಎತ್ತಿದರೆ ಕೆಮ್ಮಣ್ಣು

ಗಾಡಿ ಅಂಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಇಟ್ಟಿದ್ದೇವೆ. ಸುತ್ತಿ ಬಳಸಿ ಎಲ್ಲರೂ ಕೇಳಿರುವುದು ಒಂದನ್ನೇ. ಕಾರನ್ನು ಮನೆ ಮುಂದೆಯೇ ನಿಲ್ಲಿಸಿಕೊಂಡು ಬಾನೆಟ್ ಒಳಗನ್ನು ಶುಚಿ ಮಾಡುವುದು ಹೇಗೆ, ಎಲ್ಲಿ ಕೈ ಹಾಕಬಾರದು?

ದಿನವೂ ಸಂಡೂರು–ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಓಡಾಟ. ಬಾನೆಟ್ ಎತ್ತಿದರೆ ಎಲ್ಲವೂ ಕೆಂಪು. ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ಹಾಕಿ ತೊಳೆಸಿದರೆ ಒಣಗಿದ ಮೇಲೆ ಕಪ್ಪು ಪ್ಲಾಸ್ಟಿಕ್ ಮೇಲೆಲ್ಲ ಕೆಂಪು ಗೆರೆ ಉಳಿಯುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದೇ?
– ಸಂಡೂರು

ಧಾರಾಳವಾಗಿ ಮಾಡಿಕೊಳ್ಳಬಹುದು. ನಿಮ್ಮ ಗಾಡಿಗೆ ಆಗಿರುವ ತೊಂದರೆ ನೀರಿನದ್ದೇ. ಸಂಡೂರಿನ ಅದಿರು ಬಹುಪಾಲು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅದು ಸೋಪಿಗೆ ಕರಗುವುದಿಲ್ಲ, ನೀರಿಗೂ ಕರಗುವುದಿಲ್ಲ. ಒಣ ಧೂಳಿನ ಮೇಲೆ ನೀರು ಬಿಟ್ಟರೆ ಕೆಂಪು ರಾಡಿಯಾಗಿ ಕನೆಕ್ಟರ್ ಸಂದಿಗೆ, ವೈರಿನ ಸುರುಳಿ ಪೈಪಿನೊಳಗೆ, ಪ್ಲಾಸ್ಟಿಕ್‌ನ ಒರಟು ಮೈಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಮುಕ್ಕಾಲು ಪಾಲು ಕೆಲಸ ಒಣದಾಗಿಯೇ ಮುಗಿಯಬೇಕು. ನೀರು ಕೊನೆಗೆ ಬರಬೇಕು, ಅದೂ ಎರಡು–ಮೂರು ಲೀಟರಿಗಿಂತ ಹೆಚ್ಚು ಬೇಡ.

ಬೇಕಾದ ಸಾಮಾನು: 1 ಇಂಚು ಮತ್ತು 2 ಇಂಚಿನ ಪೇಂಟ್ ಬ್ರಷ್ ಒಂದೊಂದು, ಹಳೆಯ ಟೂತ್ ಬ್ರಷ್, ವ್ಯಾಕ್ಯೂಮ್ ಅಥವಾ ಗಾಳಿ ಊದುವ ಬ್ಲೋವರ್, ಗಿಡಕ್ಕೆ ಔಷಧಿ ಹೊಡೆಯುವಂಥ 2 ಲೀಟರಿನ ಹೊಸ ಕೈಪಂಪು, ಮೈಕ್ರೋಫೈಬರ್ ಬಟ್ಟೆ ನಾಲ್ಕೈದು, ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್, ಎನ್95 ಮಾಸ್ಕ್. ಪೇಂಟ್ ಬ್ರಷ್ಷಿನ ತಗಡಿನ ಪಟ್ಟಿಗೆ ಇನ್ಸುಲೇಶನ್ ಟೇಪ್ ಸುತ್ತಿಬಿಡಿ. ಇಲ್ಲದಿದ್ದರೆ ಪೇಂಟಿಗೆ ಗೀರು ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಬ್ಯಾಟರಿಯ ಪ್ಲಸ್ ಟರ್ಮಿನಲ್‌ಗೂ ಪಕ್ಕದ ಬಾಡಿಗೂ ಆ ತಗಡು ಒಟ್ಟಿಗೆ ತಗುಲಿದರೆ ಕಿಡಿ ಹಾರುತ್ತದೆ.

ಬೆಳಿಗ್ಗೆ ಆರಕ್ಕೆ ಶುರು ಮಾಡಿ. ರಾತ್ರಿಯೆಲ್ಲ ನಿಂತ ಇಂಜಿನ್ ತಣ್ಣಗಿರುತ್ತದೆ, ಬಿಸಿಲೂ ಏರಿರುವುದಿಲ್ಲ. ಓಡಿಸಿಕೊಂಡು ಬಂದು ಕೂಡಲೇ ನೀರು ಹಾಕಿದರೆ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಡಬಹುದು, ಆಕ್ಸಿಜನ್ ಸೆನ್ಸರ್ ಒಳಗಿನ ಪಿಂಗಾಣಿ ಒಡೆಯಬಹುದು. ಹತ್ತು ಗಂಟೆಯ ಬಿಸಿಲಿನಲ್ಲಿ ನಿಂತರೆ ಹಾಕಿದ ಸೋಪು ಉಜ್ಜುವ ಮೊದಲೇ ಒಣಗಿ ಬಿಳಿ ಕಲೆಯಾಗುತ್ತದೆ.

ಮೊದಲು ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಸಾಮಾನ್ಯವಾಗಿ 10 ನಂಬರ್ ಸ್ಪ್ಯಾನರ್ ಸಾಕು. ಬಹಳಷ್ಟು ಕಾರುಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು. ಬೆರಳು ಅಲ್ಲಿದ್ದರೆ ಗತಿ ಏನು? ಕೇಬಲ್ ಮತ್ತೆ ಹಾಕಿದ ಮೇಲೆ ಗಡಿಯಾರ, ಕೆಲವು ಗಾಡಿಗಳಲ್ಲಿ ಪವರ್ ವಿಂಡೋದ ಆಟೋ ಎರಡನ್ನೂ ಹೊಸದಾಗಿ ಹೊಂದಿಸಬೇಕಾದೀತು. ಹಳೆಯ ಸ್ಟೀರಿಯೊ ಇದ್ದರೆ ಅದರ ಕೋಡ್ ನಿಮ್ಮ ಬಳಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಒಣ ಕೆಲಸ ಮೇಲಿನಿಂದ ಕೆಳಗೆ. ಬಾನೆಟ್ಟಿನ ಒಳಮೈಯ ಫೆಲ್ಟಿಗೆ ವ್ಯಾಕ್ಯೂಮ್ ಮಾತ್ರ. ಅದು ಒದ್ದೆಯಾದರೆ ಜೋತುಬಿದ್ದು ಹರಿದುಹೋಗುತ್ತದೆ. ಆಮೇಲೆ ವೈಪರ್ ಕೆಳಗಿನ ಜಾಲರಿ. ಅಲ್ಲಿ ಸೇರುವ ಬೇವಿನೆಲೆ, ಕಡ್ಡಿಗಳನ್ನು ಕೈಯಿಂದ ಆರಿಸಿ, ಎರಡೂ ಮೂಲೆಯ ನೀರು ಹೋಗುವ ತೂತು ತೆರೆದಿದೆಯೇ ನೋಡಿ. ಅದು ಕಟ್ಟಿಕೊಂಡರೆ ಮಳೆಗಾಲದಲ್ಲಿ ನೀರು ಡ್ಯಾಶ್‌ಬೋರ್ಡ್ ಕೆಳಗಿಂದ ಕಾರಿನೊಳಗೆ ಬರುತ್ತದೆ. ನಂತರ ಒಂದು ಕೈಯಲ್ಲಿ 2 ಇಂಚಿನ ಬ್ರಷ್, ಇನ್ನೊಂದರಲ್ಲಿ ವ್ಯಾಕ್ಯೂಮಿನ ಮೂತಿ. ಬ್ರಷ್ ಎಬ್ಬಿಸಿದ ಧೂಳು ಅಲ್ಲೇ ಒಳಗೆ ಹೋಗಬೇಕು. ಬರೀ ಬ್ಲೋವರ್ ಊದಿದರೆ ಧೂಳು ಜಾಗ ಬದಲಿಸುತ್ತದೆ ಅಷ್ಟೆ. ವ್ಯಾಕ್ಯೂಮ್ ಇಲ್ಲದವರು ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಟ್ಟು ನಿಂತು, ಅಕ್ಕಪಕ್ಕದವರು ಬಟ್ಟೆ ಒಣಹಾಕಿಲ್ಲವೆಂದು ನೋಡಿಕೊಂಡು ಊದಲಿ.

ಕನೆಕ್ಟರ್‌ಗಳನ್ನು ಈ ಹಂತದಲ್ಲಿ ಬಿಚ್ಚಬೇಡಿ. ಮುಚ್ಚಿದ ಕನೆಕ್ಟರಿನೊಳಗೆ ಧೂಳು ಇರುವುದಿಲ್ಲ, ಬಿಚ್ಚಿದರೆ ಒಳಗೆ ಸೇರುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಎಣ್ಣೆ ಜಿಡ್ಡಿಗೆ ಅಂಟಿದ ಧೂಳು ಮಾತ್ರ. ಡೈನಮೋ, ಫ್ಯೂಸ್ ಬಾಕ್ಸ್, ಇಸಿಯು (ಇಂಜಿನಿನ ಕಂಪ್ಯೂಟರ್ ಪೆಟ್ಟಿಗೆ), ಬ್ಯಾಟರಿ, ಏರ್ ಫಿಲ್ಟರ್ ಗಾಳಿ ಎಳೆಯುವ ಬಾಯಿ, ಪೆಟ್ರೋಲ್ ಗಾಡಿಯಾದರೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್‌ಗಳು, ಇವಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ. ಆಯಿಲ್ ಕ್ಯಾಪ್, ಡಿಪ್‌ಸ್ಟಿಕ್ ಬಿಗಿ ಇದೆಯೇ ನೋಡಿ. ಎರಡೂ ಕಡೆಯ ಫೆಂಡರ್ ಮೇಲೆ ಒದ್ದೆ ಟವೆಲ್ ಹಾಸಿದರೆ ಬೆಲ್ಟಿನ ಬಕಲ್ ಗೀರುವುದಿಲ್ಲ, ಸೋಪಿನ ಹನಿಯೂ ಪೇಂಟ್ ಮೇಲೆ ಒಣಗುವುದಿಲ್ಲ.

ಆಲ್ ಪರ್ಪಸ್ ಕ್ಲೀನರನ್ನು ಪ್ಲಾಸ್ಟಿಕ್ ಮತ್ತು ರಬ್ಬರಿಗೆ 1 ಭಾಗಕ್ಕೆ 10 ಭಾಗ ನೀರು, ಜಿಡ್ಡುಗಟ್ಟಿದ ಲೋಹಕ್ಕೆ 1ಕ್ಕೆ 4 ಬೆರೆಸಿ. ಡಬ್ಬಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಸರಿ. ಜಿಡ್ಡು ಕಡಿಮೆಯಿದ್ದರೆ ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ದ್ರಾವಣವನ್ನು ಬ್ರಷ್ಷಿಗೆ ಹಾಕಿಕೊಂಡು ಉಜ್ಜಿ, ಇಂಜಿನ್ ಮೇಲೆ ಸುರಿಯಬೇಡಿ. ಎರಡು–ಮೂರು ನಿಮಿಷ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಒರೆಸಲು ಬಾರದ ಸಂದಿಗೆ ಮಾತ್ರ ಕೈಪಂಪಿನ ಸಣ್ಣ ಹನಿ. ಒಂದು ಚದರಡಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಅದಿರು ಧೂಳು ಒರೆಸಿದ ಬಟ್ಟೆಯನ್ನು ಮತ್ತೆಂದೂ ಬಾಡಿ ಪೇಂಟಿಗೆ ಮುಟ್ಟಿಸಬೇಡಿ, ಎಷ್ಟು ಒಗೆದರೂ ಅದರಲ್ಲಿ ಕಣ ಉಳಿಯುತ್ತದೆ.

ಚೀಲ ಬಿಚ್ಚಿ, ಬ್ಲೋವರಿನಿಂದ ಸಂದಿಯ ನೀರು ಹೊರಡಿಸಿ, ಬಾನೆಟ್ ತೆರೆದೇ ಅರ್ಧ ಗಂಟೆ ಬಿಡಿ. ಆಮೇಲೆ ಕೇಬಲ್ ಹಾಕಿ ಇಂಜಿನನ್ನು ಹತ್ತು–ಹದಿನೈದು ನಿಮಿಷ ಐಡಲ್‌ನಲ್ಲಿ ಓಡಿಸಿ. ರೇಸ್ ಮಾಡಬೇಡಿ.

ಇನ್ನೊಂದು ಮಾತು. ಹೊರಗೆ ಇಷ್ಟು ಧೂಳಿದ್ದರೆ ಏರ್ ಫಿಲ್ಟರಿನಲ್ಲೂ ಅಷ್ಟೇ ಇರುತ್ತದೆ. ಪೇಪರ್ ಫಿಲ್ಟರನ್ನು ತೊಳೆಯಬಾರದು. ಹೊರಗಿನಿಂದ ಒಳಕ್ಕೆ ಗಾಳಿ ಹೊಡೆದರೆ ಧೂಳು ಪೇಪರಿನೊಳಗೆ ಕೂರುತ್ತದೆ. ಹೊಡೆಯಲೇಬೇಕೆಂದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ. ಅದಿರು ರಸ್ತೆಯಲ್ಲಿ ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರಿನ ಅರ್ಧಕ್ಕೇ ಹೊಸದು ಹಾಕುವುದು ಲೇಸು. ಫಿಲ್ಟರ್ ತೆಗೆಯುವ ಮೊದಲು ಡಬ್ಬಿಯ ಅಂಚನ್ನು ಒರೆಸಿ. ಮುಚ್ಚಳ ಎತ್ತುವಾಗ ಬೀಳುವ ಚಿಟಿಕೆ ಧೂಳು ನೇರ ಇಂಜಿನಿಗೇ ಹೋಗುವುದು.

ಇಂಜಿನ್ ವಾಶ್ ಮಾಡಿಸಿ ತಂದ ಮೇಲೆ ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ. ಚೆಕ್ ಇಂಜಿನ್ ಲೈಟ್ ಮಿಣುಕುತ್ತದೆ. ಓಡಿಸುತ್ತಿದ್ದರೆ ಒಣಗಿ ಸರಿಹೋಗುತ್ತದೆ ಅನ್ನುತ್ತಾರೆ. ಪೆಟ್ರೋಲ್ ಗಾಡಿ.
– ರಾಯಚೂರು

ಓಡಿಸಬೇಡಿ. ಲೈಟ್ ಸುಮ್ಮನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತಿದೆ ಎಂದರ್ಥ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಸುಟ್ಟುಹಾಕುತ್ತದೆ. ಬದಲಿಸಲು ಹೋದರೆ ಇಂಜಿನ್ ವಾಶ್ ದುಡ್ಡಿನ ಲೆಕ್ಕವೇ ಮರೆತುಹೋಗುತ್ತದೆ.

ಕಾರಣ ಹೆಚ್ಚಾಗಿ ಪ್ಲಗ್ ಇರುವ ಬಾವಿಯಲ್ಲಿ ನಿಂತ ನೀರು. ಇಂಜಿನ್ ತಣ್ಣಗಾದ ಮೇಲೆ ಮೈನಸ್ ಕೇಬಲ್ ಬಿಚ್ಚಿ. ಮೊದಲ ಕಾಯಿಲಿನ ಕನೆಕ್ಟರಿನ ಲಾಕ್ ಒತ್ತಿ ತೆಗೆದು, ಬೋಲ್ಟ್ ಬಿಚ್ಚಿ, ಕಾಯಿಲನ್ನು ಅತ್ತಿತ್ತ ತಿರುಗಿಸುತ್ತ ಮೇಲಕ್ಕೆ ಎಳೆಯಿರಿ. ಒಣಗಿ ಗಡುಸಾದ ಪ್ಲಾಸ್ಟಿಕ್ ಲಾಕ್ ಮುರಿಯುವುದು ಸುಲಭ, ಬಲ ಹಾಕಬೇಡಿ. ಬಾವಿಯೊಳಗೆ ಟಾರ್ಚ್ ಬಿಟ್ಟು ನೋಡಿ. ನೀರು ಕಂಡರೆ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ ಹೀರಿಸಿ, ಉಳಿದದ್ದನ್ನು ಗಾಳಿ ಊದಿ ಒಣಗಿಸಿ. ನೀರು ಪೂರ್ತಿ ಹೋಗುವ ತನಕ ಪ್ಲಗ್ ಬಿಚ್ಚಬಾರದು, ಬಿಚ್ಚಿದರೆ ನೀರು, ಕೊಳೆ ಎರಡೂ ಸಿಲಿಂಡರಿಗೆ ಇಳಿಯುತ್ತವೆ. ಕಾಯಿಲಿನ ರಬ್ಬರ್ ಬೂಟ್ ಒರೆಸಿ, ಅದರ ಬಾಯಿಯ ಒಳಗೆ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯಲು ಬಿಡದ) ಗ್ರೀಸ್ ತೆಳ್ಳಗೆ ಸವರಿ ಹಾಕಿ. ಒಂದೊಂದೇ ಬಾವಿ ಮುಗಿಸಿದರೆ ಕನೆಕ್ಟರ್ ಅದಲು ಬದಲಾಗುವ ಭಯವಿಲ್ಲ.

ಬೂಟಿನ ಮೇಲೆ ಸಣ್ಣ ಕೂದಲಿನಂಥ ಬೂದು ಗೆರೆ ಕಂಡರೆ ಕರೆಂಟ್ ಅಲ್ಲಿಂದ ಹಾರಿದೆ. ಒಣಗಿಸಿ ಪ್ರಯೋಜನವಿಲ್ಲ, ಬೂಟ್ ಬದಲಿಸಬೇಕು. ನೀರಿನ ಬದಲು ಎಣ್ಣೆ ನಿಂತಿದ್ದರೆ ಅದು ವಾಶ್‌ನವರ ತಪ್ಪಲ್ಲ, ಟ್ಯಾಪೆಟ್ ಕವರಿನ, ಅಂದರೆ ಇಂಜಿನ್ ತಲೆಯ ಮುಚ್ಚಳದ, ಪ್ಯಾಕಿಂಗ್ ಹೋಗಿದೆ.

ಶುಚಿ ಆದ ಮೇಲೆ ಡೀಸೆಲ್ ಸ್ಪ್ರೇ ಹೊಡೆದರೆ ಇಂಜಿನ್ ಹೊಸದರಂತೆ ಮಿರುಗುತ್ತದೆ. ಮನೆಯಲ್ಲೇ ಹೊಡೆಯಬಹುದಾ?
– ಬಳ್ಳಾರಿ

ಬೇಡ. ಡೀಸೆಲ್, ಸೀಮೆಎಣ್ಣೆ ಯಾವುದೂ ಬೇಡ. ರೇಡಿಯೇಟರ್ ಪೈಪುಗಳ ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ ಜಾತಿಯದು. ಬಿಸಿ ಕೂಲೆಂಟ್ ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಬೆಲ್ಟ್ ಮೇಲೆ ಬಿದ್ದರೆ ಕೀರಲು ಸದ್ದು, ಜಾರಾಟ. ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಇದೆಲ್ಲ ಬಿಟ್ಟರೂ ನಿಮ್ಮೂರಿನ ಧೂಳಿಗೆ ಎಣ್ಣೆ ಹಚ್ಚಿ ಕರೆದಂತಾಯಿತು. ಎರಡು ದಿನಕ್ಕೆ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ.

ಪ್ಲಾಸ್ಟಿಕ್ ಬಿಳಿಚಿಕೊಂಡಿದ್ದರೆ ನೀರಿನ ಆಧಾರದ ಡ್ರೆಸಿಂಗ್ ಸಿಗುತ್ತದೆ. ಸ್ಪಂಜಿಗೆ ಹಾಕಿ ಸವರಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಒರೆಸಿ. ಬೆರಳಿಟ್ಟರೆ ಅಂಟಬಾರದು. ಬೆಲ್ಟ್, ಪುಲ್ಲಿ, ಎಗ್ಸಾಸ್ಟ್ ಹತ್ತಿರ ಹೋಗಬೇಡಿ. ಅಲ್ಯೂಮಿನಿಯಂ ಹೊಳೆಸಲು ಕಾಸ್ಟಿಕ್ ಸೋಡಾ ಇರುವ ಅಗ್ಗದ ಡಿಗ್ರೀಸರ್ ಕೊಡುವವರೂ ಇದ್ದಾರೆ. ಅದು ಅಲ್ಯೂಮಿನಿಯಂ ಅನ್ನೇ ತಿಂದು ಕಪ್ಪು ಮಾಡುತ್ತದೆ.

ನಮ್ಮ ಬೋರ್‌ವೆಲ್ ನೀರು ಗಡಸು. ಒಣಗಿದ ಮೇಲೆ ಬಿಳಿ ಚುಕ್ಕೆ. ಆರ್‌ಒ ಮಷೀನಿನಿಂದ ದಿನಾ ಹೊರಹೋಗುವ ನೀರನ್ನು ಹಿಡಿದಿಟ್ಟು ಬಳಸಿದರೆ ಹೇಗೆ?
– ಕುಷ್ಟಗಿ

ನೀರು ಉಳಿಸುವ ಆಸೆ ಒಳ್ಳೆಯದು, ಆದರೆ ಆ ನೀರು ಬೋರ್ ನೀರಿಗಿಂತ ಗಡಸು. ಮಷೀನು ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಹೋಗುತ್ತದೆ. ಅಂಗಳ ತೊಳೆಯಿರಿ. ಇಂಜಿನಿಗೆ ಕೊನೆಯ ಸಲ ಹೊಡೆಯುವ ಒಂದು ಲೀಟರ್ ಮಾತ್ರ ಶುದ್ಧ ಆರ್‌ಒ ನೀರು ಇರಲಿ. ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರು ಇನ್ನೂ ಒಳ್ಳೆಯದು. ಗಾಳಿಯ ತೇವವೇ ನೀರಾಗಿ ಬಂದದ್ದು, ಲವಣ ಇಲ್ಲವೆನ್ನುವಷ್ಟು ಕಡಿಮೆ. ಬಟ್ಟೆಯಲ್ಲಿ ಸೋಸಿ ಬಳಸಿ.

ಈಗಾಗಲೇ ಪ್ಲಾಸ್ಟಿಕ್ ಮೇಲೆ ಕೂತ ಚುಕ್ಕೆಗೆ ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ ಬಟ್ಟೆಯಿಂದ ಒರೆಸಿ, ಒಂದು ನಿಮಿಷದಲ್ಲಿ ಶುದ್ಧ ನೀರಿನಿಂದ ತೆಗೆಯಿರಿ. ಅಲ್ಯೂಮಿನಿಯಂ ಮೇಲೆ ನಿಲ್ಲಲು ಬಿಡಬೇಡಿ.

ಮನೆ ಪಕ್ಕದಲ್ಲೇ ಅಕ್ಕಿ ಮಿಲ್. ಇಂಜಿನ್ ಮೇಲೆ ಇಲಿ ಗೂಡು ಕಟ್ಟಿದೆ. ಹಿಕ್ಕೆ, ಹೊಟ್ಟು, ಹತ್ತಿ ಎಲ್ಲ ಇದೆ. ಗಾಳಿ ಊದಿ ತೆಗೆಯಲೇ?
– ಗಂಗಾವತಿ

ಇದೊಂದು ವಿಷಯದಲ್ಲಿ ಮೇಲೆ ಹೇಳಿದ್ದಕ್ಕೆ ಉಲ್ಟಾ. ಇಲಿ ಹಿಕ್ಕೆಯನ್ನು ಒಣದಾಗಿ ಗುಡಿಸಬಾರದು, ಊದಲೂಬಾರದು, ವ್ಯಾಕ್ಯೂಮೂ ಬೇಡ. ಪುಡಿ ಮೂಗಿಗೆ ಹೋಗುತ್ತದೆ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ಕೈಯ ಸಣ್ಣ ಗಾಯದಿಂದಲೂ ದೇಹ ಸೇರಬಲ್ಲದು. ರಬ್ಬರ್ ಗ್ಲೌಸು, ಮಾಸ್ಕ್ ಹಾಕಿಕೊಂಡು, ಬ್ಯಾಟರಿ ಬಿಚ್ಚಿ, ಗೂಡಿನ ಮೇಲೆ ನೆಲ ಒರೆಸುವ ಸೋಂಕುನಾಶಕದ ದ್ರಾವಣವನ್ನು ತೊಯ್ಯುವಷ್ಟು ಸಿಂಪಡಿಸಿ ಹತ್ತು ನಿಮಿಷ ಬಿಡಿ. ಬ್ಲೀಚಿಂಗ್ ಬೇಡ, ಲೋಹಕ್ಕೆ ತುಕ್ಕು. ಆಮೇಲೆ ಪೇಪರಿನಿಂದ ಎತ್ತಿ ಎರಡು ಚೀಲದೊಳಗೆ ಕಟ್ಟಿ ಎಸೆಯಿರಿ. ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆದು ನೋಡಿ. ಅದರೊಳಗೆ ಗೂಡು ಕಟ್ಟುವುದು ಇಲಿಗೆ ಬಲು ಇಷ್ಟ.

ಗೂಡು ತೆಗೆದ ಮೇಲೆ ಸ್ಟಾರ್ಟ್ ಮಾಡುವ ಅವಸರ ಬೇಡ. ಟಾರ್ಚ್ ಹಿಡಿದು ಇಂಜೆಕ್ಟರ್ ವೈರು, ಸೆನ್ಸರಿನ ಸಣ್ಣ ವೈರು, ಗಾಜಿಗೆ ನೀರು ಹೋಗುವ ಸಣ್ಣ ಪೈಪು ನೋಡಿ. ತಾಮ್ರ ಕಂಡ ವೈರಿಗೆ ಬರೀ ಟೇಪ್ ಸುತ್ತಿದರೆ ಇಂಜಿನ್ ಬಿಸಿಗೆ ಅಂಟು ಬಿಡುತ್ತದೆ. ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ.

ಹೊಗೆಸೊಪ್ಪು, ನುಸಿಗುಳಿಗೆ, ಸ್ಪ್ರೇ ಇವೆಲ್ಲ ವಾಸನೆ ಇರುವ ತನಕ. ವಿಷ ಇಟ್ಟರೆ ಇಲಿ ಎಸಿ ಡಕ್ಟಿನೊಳಗೆ ಸತ್ತು ಆಮೇಲಿನ ಕೆಲಸವೇ ದೊಡ್ಡದಾದೀತು. ವೈಪರ್ ಕೆಳಗೆ ಗಾಳಿ ಒಳಹೋಗುವ ಬಾಯಿಗೆ 6 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿಸಿ. ಕಾಂಪೌಂಡ್ ಒಳಗೆ ಗಾಡಿ ನಿಲ್ಲಿಸುವವರು ರಾತ್ರಿ ಬಾನೆಟ್ ಎತ್ತಿಟ್ಟರೆ ಕತ್ತಲು, ಬಿಸಿ ಎರಡೂ ಇರುವುದಿಲ್ಲ, ಇಲಿ ಬೇರೆ ಜಾಗ ಹುಡುಕುತ್ತದೆ. ಖರ್ಚಿಲ್ಲದ ಉಪಾಯ ಇದೊಂದೇ.

ಭತ್ತದ ಕಟಾವು ಶುರುವಾದರೆ ಎಸಿ ತಣ್ಣಗಾಗುವುದಿಲ್ಲ, ಹೀಟ್ ಮುಳ್ಳೂ ಮೇಲೇರುತ್ತದೆ. ಗ್ಯಾಸ್ ತುಂಬಿಸಬೇಕೇ?
– ಸಿಂಧನೂರು

ಮೊದಲು ಮುಂದಿನ ಗ್ರಿಲ್ಲಿನೊಳಗೆ ಟಾರ್ಚ್ ಬಿಟ್ಟು ನೋಡಿ. ಮುಂದೆ ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಎರಡರ ನಡುವಿನ ಬೆರಳಗಲದ ಸಂದಿಯಲ್ಲಿ ಹೊಟ್ಟು, ಹತ್ತಿಯ ಎಳೆ, ಹುಳು ಸೇರಿ ಕಂಬಳಿಯಂತೆ ಕಟ್ಟಿಕೊಳ್ಳುತ್ತವೆ. ಹೊರಗಿನಿಂದ ನೋಡಿದರೆ ಕಂಡೆನ್ಸರ್ ಶುಚಿಯಾಗಿಯೇ ಇರುತ್ತದೆ, ಗಾಳಿ ಮಾತ್ರ ಹಾಯುವುದಿಲ್ಲ.

ಇಲ್ಲಿ ನೀರು ಬಳಸಬಹುದು, ಆದರೆ ಇಂಜಿನ್ ಕಡೆಯಿಂದ ಮುಂದಕ್ಕೆ, ತೋಟದ ಪೈಪಿನ ಒತ್ತಡದಲ್ಲಿ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಕ್ಕೆ ನಾಟುತ್ತದೆ. ಪ್ರೆಶರ್ ಗನ್ ತಂದರೆ ಅಲ್ಯೂಮಿನಿಯಂ ಎಸಳುಗಳು ಮಡಚಿ ದಾರಿಯನ್ನೇ ಮುಚ್ಚುತ್ತವೆ. ಬ್ರಷ್ ಆಡಿಸುವುದಾದರೆ ಎಸಳಿನ ಉದ್ದಕ್ಕೇ ಹೊರತು ಅಡ್ಡಕ್ಕಲ್ಲ. ಇಂಜಿನ್ ಬಿಸಿಯಿದ್ದಾಗ ಕೂಲೆಂಟ್ ಮುಚ್ಚಳ ಮುಟ್ಟಬೇಡಿ. ಇಷ್ಟಾಗಿಯೂ ಎಸಿ ತಣ್ಣಗಾಗದಿದ್ದರೆ ಆಗ ಗ್ಯಾಸಿನ ಮಾತು.

ಇಂಜಿನ್ ಕೆಳಗೆ ಎಣ್ಣೆ ಜಿನುಗುತ್ತದೆ, ಹಾರುಬೂದಿ ಅಂಟಿ ಕಪ್ಪು ಲೇಪವಾಗಿದೆ. ಎಲ್ಲಿಂದ ಬರುತ್ತಿದೆ ಗೊತ್ತಾಗುತ್ತಿಲ್ಲ. ತೊಳೆದುಬಿಟ್ಟರೆ ಗುರುತು ಹೋಗುವುದಿಲ್ಲವೇ?
– ಶಕ್ತಿನಗರ

ತೊಳೆಯುವ ಮೊದಲು ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಪೈಪಿನ ಕ್ಲಿಪ್ ಬಳಿ ಗುಲಾಬಿ, ಹಸಿರು ಅಥವಾ ಬಿಳಿ ಹರಳು ಕಟ್ಟಿದ್ದರೆ ಅದು ಎಣ್ಣೆಯಲ್ಲ, ಕೂಲೆಂಟ್ ಸೋರಿ ಒಣಗಿದ್ದು. ಅದನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ.

ಆಮೇಲೆ ಲೇಪವನ್ನು ಪ್ಲಾಸ್ಟಿಕ್ ಚಮಚದಿಂದ ಕೆರೆದು, 1ಕ್ಕೆ 4ರ ಕ್ಲೀನರ್ ದ್ರಾವಣದಿಂದ ಉಜ್ಜಿ, ಪೂರ್ತಿ ಒಣಗಿಸಿ. ಅನುಮಾನವಿರುವ ಕಡೆ ಮೈಗೆ ಹಚ್ಚುವ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ, ಬೆಲ್ಟ್ ಮೇಲೆ ಬೀಳದಂತೆ. ಹದಿನೈದು–ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು, ತಣ್ಣಗಾದ ಮೇಲೆ ನೋಡಿ. ಬಿಳಿ ಪುಡಿಯ ಮೇಲೆ ಎಣ್ಣೆಯ ದಾರಿ ಕಪ್ಪಾಗಿ ಎದ್ದು ಕಾಣುತ್ತದೆ. ಎಣ್ಣೆ ಕೆಳಗೆ ಹರಿಯುತ್ತದೆ, ಓಡುವ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಆದ್ದರಿಂದ ಹೆಚ್ಚು ಒದ್ದೆಯಾದ ಜಾಗವನ್ನಲ್ಲ, ಎಲ್ಲಕ್ಕಿಂತ ಮೇಲಿರುವ ಒದ್ದೆ ಜಾಗವನ್ನು ಹುಡುಕಿ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಫಿಲ್ಟರ್ ಕೂರುವ ಜಾಗ, ಆಯಿಲ್ ಪ್ರೆಶರ್ ಸ್ವಿಚ್, ಈ ಮೂರನ್ನು ಮೊದಲು ನೋಡಿ. ಟರ್ಬೊ ಇರುವ ಡೀಸೆಲ್ ಗಾಡಿಯಲ್ಲಿ ಗಾಳಿ ಪೈಪಿನ ಕೀಲಿನ ಹತ್ತಿರ ಸ್ವಲ್ಪ ಎಣ್ಣೆಯ ತೇವ ಸಹಜ, ಅದಕ್ಕೆ ಹೆದರಿ ಖರ್ಚು ಮಾಡಬೇಡಿ.

ಹಾರುಬೂದಿಯಲ್ಲಿ ಸಿಲಿಕಾ ಇರುವುದರಿಂದ ಮಾಸ್ಕ್ ತಪ್ಪಿಸಬೇಡಿ. ಎಣ್ಣೆ ನೀರು ಚರಂಡಿಗೆ ಹೋಗದಂತೆ ಕೆಳಗೆ ಹಳೆಯ ಗೋಣಿಚೀಲ, ಅದರ ಮೇಲೆ ಮರದ ಹೊಟ್ಟು ಹಾಸಿ.

ಬ್ಯಾಟರಿ ಟರ್ಮಿನಲ್ ಮೇಲೆ ಹಸಿರು–ಬಿಳಿ ಪುಡಿ. ಬಿಸಿನೀರು ಸುರಿದರೆ ಸಾಕಲ್ಲವೇ?
– ಮಾನ್ವಿ

ಬಿಸಿನೀರು ಪುಡಿಯನ್ನು ಕರಗಿಸುತ್ತದೆ, ಆಮ್ಲವನ್ನು ಕೆಳಗಿನ ತಗಡಿಗೆ ಹರಿಸುತ್ತದೆ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬ್ಯಾಟರಿಯ ಮುಚ್ಚಳಗಳು ಬಿಗಿಯಿರಲಿ, ಸೋಡಾ ಒಳಗೆ ಹೋದರೆ ಆ ಸೆಲ್ ಹಾಳು. ಟೂತ್ ಬ್ರಷ್ಷಿನಿಂದ ಉಜ್ಜಿ, ನೊರೆ ನಿಂತ ಮೇಲೆ ಒರೆಸಿ, ಬಿಗಿ ಮಾಡಿದ ನಂತರ ಮೇಲೆ ವ್ಯಾಸಲಿನ್ ಸವರಿ. ತಿಂಗಳೊಳಗೆ ಪುಡಿ ಮತ್ತೆ ಬಂದರೆ ಇಂಜಿನ್ ಓಡುವಾಗ ವೋಲ್ಟೇಜ್ ಅಳೆಸಿ. ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಅದಕ್ಕಿಂತ ಮೇಲಿದ್ದರೆ ಡೈನಮೋ ಹೆಚ್ಚು ಚಾರ್ಜ್ ಮಾಡುತ್ತಿರಬಹುದು.

ಎಲೆಕ್ಟ್ರಿಕ್ ಕಾರಿನ ಬಾನೆಟ್ ಒಳಗೂ ಹೀಗೇ ಮಾಡಬಹುದೇ?
– ಕೊಪ್ಪಳ

ವ್ಯಾಕ್ಯೂಮ್, ಮೆತ್ತನೆಯ ಬ್ರಷ್, ಹಿಂಡಿದ ಒದ್ದೆ ಬಟ್ಟೆ. ಇದರಾಚೆ ಏನೂ ಬೇಡ. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಬಟ್ಟೆಯನ್ನೂ ತರಬೇಡಿ, ಅದು ನೂರಾರು ವೋಲ್ಟಿನ ಲೈನು. ಹೈಬ್ರಿಡ್ ಗಾಡಿಗೂ ಇದೇ ಮಾತು.

ಎಷ್ಟು ದಿನಕ್ಕೊಮ್ಮೆ?
– ಕುಡತಿನಿ

ಒಣ ಬ್ರಷ್, ವ್ಯಾಕ್ಯೂಮ್ ತಿಂಗಳಿಗೊಮ್ಮೆ, ಅರ್ಧ ಗಂಟೆಯ ಕೆಲಸ. ಸೋಪು ಹಾಕುವುದು ವರ್ಷಕ್ಕೆ ಎರಡು ಸಲ ಸಾಕು, ಮಳೆಗಾಲಕ್ಕೆ ಮೊದಲೊಂದು, ದೀಪಾವಳಿ ಹೊತ್ತಿಗೊಂದು. ಆಯುಧ ಪೂಜೆಯ ಹಿಂದಿನ ಸಂಜೆ ಅವಸರದಲ್ಲಿ ಪೈಪ್ ಹಿಡಿದರೆ ಮರುದಿನ ಬೆಳಿಗ್ಗೆ ಪೂಜೆಗೆ ಗಾಡಿ ತಳ್ಳಿಕೊಂಡು ಬರಬೇಕಾದೀತು. ಎರಡು ದಿನ ಮೊದಲೇ ಮುಗಿಸಿಕೊಳ್ಳಿ.